ಐದರ ಘಾತ ಸೊನ್ನೆ

ಇದನ್ನು ಹೇಳುವುದನ್ನು ಐವತ್ತು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಮೊದಲು ನಾಚಿಕೆ, ಆಮೇಲೆ ಸಂಸಾರ, ಈಚೆಗೆ ಮೊಣಕಾಲು ನೋವು. ನೆಪಗಳಿಗೆ ಬರವಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯಲ್ಲಿ ಹೈಸ್ಕೂಲು ಓದುತ್ತಿದ್ದೆ. ಗಣಿತದ ಮಾಸ್ತರರು ದಿನಾಲೂ ಘಾತಾಂಕದ ಲೆಕ್ಕ ಮಾಡಿಸುತ್ತಿದ್ದರು. ಗುಣಿಸುವಾಗ ಘಾತಾಂಕ ಕೂಡಿಸು, ಭಾಗಿಸುವಾಗ ಕಳೆ. ನನ್ನನ್ನು ಕೆಡಿಸಿದ್ದು ಆ ಘಾತವೆಂಬ ಶಬ್ದ. ಪಂಡಿತರಿಗೆ ಅದು ಗಣಿತವಿರಬಹುದು, ನಮ್ಮ ಮನೆಯಲ್ಲಿ ಅದು ಪೆಟ್ಟು. ಹಾಲು ಉಕ್ಕಿದರೂ ಅವ್ವ "ಘಾತ ಆತಲ್ಲೋ!" ಎನ್ನುತ್ತಿದ್ದಳು. ಹೀಗಾಗಿ ಐದರ ಘಾತ ಸೊನ್ನೆ ಎಷ್ಟೆಂದು ಮಾಸ್ತರರು ಕೇಳಿದಾಗ ನಾನು ಧೈರ್ಯವಾಗಿ ಎದ್ದು ನಿಂತೆ.

"ಐದಽ ರೀ ಸರ್. ಪೆಟ್ಟಽ ಬಿದ್ದಿಲ್ಲಂದ ಮ್ಯಾಲ ಐದಕ್ಕೇನಾಗತೈತ್ರಿ?"

"ಐದಕ್ಕೇನೂ ಆಗಂಗಿಲ್ಲ, ನಿನಗ ಆಗತೈತಿ. ಕೈ ಚಾಚು," ಎಂದರು ಮಾಸ್ತರರು. ಬೆತ್ತದ ಕೆಲಸ ಮುಗಿದ ಮೇಲೆ, "ಅದು ಒಂದು. ಯಾಕಂತ ನಾಳಿನ ಪರೀಕ್ಷಾದಾಗ ಬರೀರಿ," ಎಂದರು.

ಮರುದಿನ ಮುಂದಿನ ಬೆಂಚಿನ ಹುಡುಗಿಯ ಹಾಳೆಯನ್ನು ಇಣುಕಿದೆ. ಕಂಬಳಿ ನೇಯುವವರ ಮನೆಯವಳು. ನಪಾಸಾದ ದಿನವೇ ಸಾಲಿ ಬಿಡಿಸುವುದಾಗಿ ಅವಳ ಅಪ್ಪ ಹೇಳಿದ್ದು ತರಗತಿಗೆಲ್ಲ ಗೊತ್ತಿತ್ತು. ಪುಸ್ತಕದ ನಿಯಮವನ್ನು ಅವಳು ಬರೆದೇ ಇರಲಿಲ್ಲ. ನೂರಾ ಇಪ್ಪತ್ತೈದು, ಇಪ್ಪತ್ತೈದು, ಐದು ಎಂದು ಒಂದರ ಕೆಳಗೊಂದು ಬರೆದು, ಪಕ್ಕದಲ್ಲಿ ಘಾತಾಂಕ ಮೂರು, ಎರಡು, ಒಂದು ಎಂದು ಇಳಿಸಿದ್ದಳು. ಅಡಿಯಲ್ಲಿ, "ಒಂದು ಮೆಟ್ಟಿಲು ಇಳಿದರೆ ಐದರಲ್ಲೊಂದು ಪಾಲು ಉಳಿಯುತ್ತದೆ. ಐದರಿಂದಲೂ ಇಳಿದರೆ ಒಂದು."

ಮೈ ಜುಮ್ಮೆಂದಿತು. ಯಾರೂ ಹೊಡೆಯದೆ, ಹೆದರಿಸದೆ, ಆ ಒಂದು ತಾನಾಗಿಯೇ ಬಂದು ತನ್ನ ಜಾಗದಲ್ಲಿ ಕೂತಿತ್ತು. ಲೋಕ ಒಳಗೊಳಗೇ ಇಷ್ಟು ಚೆನ್ನಾಗಿ ಹೊಂದಿಕೊಂಡಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಬೆರಗಾದೆ, ಬೆರಗಾಗುತ್ತಲೇ ಅಕ್ಷರ ಬಿಡದೆ ನಕಲು ಮಾಡಿದೆ.

ಮಾಸ್ತರರು ಎರಡೂ ಹಾಳೆ ಎತ್ತಿ ಹಿಡಿದರು. "ಯಾರು ಯಾರದು ನೋಡೀರಿ? ಖರೇ ಹೇಳ್ರಿ, ಒಬ್ಬರು ನಪಾಸು."

ಅವಳು ತಿರುಗಿ ನೋಡಿ, "ಹೇಳೋ," ಎಂದಳು ಮೆಲ್ಲಗೆ.

"ನಾ ನೋಡಿಲ್ರಿ ಸರ್," ಎಂದೆ.

"ನಿನ್ನಿ ಪೆಟ್ಟು ತಿಂದಾನ, ಇವತ್ತ ಕಲತಾನ," ಎಂದು ಮಾಸ್ತರರು ತಮ್ಮ ಬೆತ್ತವನ್ನು ಹೆಮ್ಮೆಯಿಂದ ನೋಡಿಕೊಂಡರು. ಮುಂದಿನ ಸೋಮವಾರ ಅವಳ ಜಾಗ ಖಾಲಿಯಿತ್ತು.

ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. "ಈಗರ ಗಣಿತ ಬರತೈತೇನೋ?" ಎಂದು ನಕ್ಕಳು. ನಾನೂ ನಕ್ಕು, ಬಂದು ನಿಂತ ಝಳಕಿಯ ಬಸ್ಸು ಹತ್ತಿಬಿಟ್ಟೆ. ಝಳಕಿಯಲ್ಲಿ ನನಗೆ ಏನೂ ಕೆಲಸವಿರಲಿಲ್ಲ.

ಈಗ ಮಾಸ್ತರರೂ ಇಲ್ಲ, ಆ ತರಗತಿಯೂ ಇಲ್ಲ. ನೀವಿದ್ದೀರಿ, ನಿಮಗೇ ಹೇಳುತ್ತೇನೆ. ನೋಡಿದವನು ನಾನು. ಬರೆದವಳು ನೀಲವ್ವ.