ನಾನೇ ಮಾಡಿದ ಚೀಟಿ

ಜೀವಕೋಶದೊಳಗಿನ ಪ್ರೋಟೀನಿಗೆ ಹಸಿರು ಹೊಳಪಿನ ಬಾಲ ಅಂಟಿಸುವ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್. ಧಾರವಾಡದಲ್ಲಿ ಅಂಥದೊಂದನ್ನು ನಾನೇ ಜೋಡಿಸಿದ್ದೆ. ಅದರ ಹನಿಯನ್ನು ಕಾಗದದ ಮೇಲೆ ಒಣಗಿಸಿ, ಗುರುತಿಗೆ ಸುತ್ತ ಪೆನ್ಸಿಲ್ ಗೆರೆ ಎಳೆದು ಮಡಚಿ, ಒಳ್ಳೆಯ ಸೂಕ್ಷ್ಮದರ್ಶಕವಿದ್ದ ಗೋವಾಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ದಾರಿಯುದ್ದಕ್ಕೂ ಮಡಿಕೆ ಬಿಚ್ಚಿ ನೋಡುವುದೇ ಕೆಲಸ. ಹಳಿಯಾಳದಲ್ಲಿ ಹತ್ತಿ ಪಕ್ಕ ಕೂತ ಅಜ್ಜಿ ಅದನ್ನು ಗಮನಿಸಿದಳು.

“ಚೀಟಿ ಯಾರು ಮಂತ್ರಿಸಿ ಕೊಟ್ಟಾರವ್ವಾ?”

“ಯಾರೂ ಕೊಟ್ಟಿಲ್ರಿ ಅಜ್ಜಿ, ನಾನ ಮಾಡೇನಿ,” ಎಂದೆ. ದನಿಯಲ್ಲಿ ಜಂಬವಿತ್ತು, ಇರಲಿ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀರಾಗ ತೊಳದು ಕುಡಸೂದೇನು?”

“ನೀರಾಗ ಬಿಡಸೂದು ಖರೇರಿ. ಆಮ್ಯಾಲೆ ಬ್ಯಾಕ್ಟೀರಿಯಾದಾಗ ಬೆಳಸಿ ಜೀವಕೋಶಕ್ಕ ಹಾಕೂದು. ಹಸರಗ ಹೊಳೀಬೇಕು.”

“ಹೊಳೀಲಿಲ್ಲಂದ್ರ?”

“ನಂದ ತಪ್ಪು. ಮತ್ತ ಮೊದಲಿಂದ ಮಾಡ್ತೇನ್ರಿ.”

ಅಜ್ಜಿ ಬೆರಗಾದಳು. “ನಮ್ಮೂರಾಗ ಚೀಟಿ ಕೊಡಾವ, ನಿಮ್ಮ ನಂಬಿಕಿ ಸಾಲದು ಅಂತಾನ!” ದಾಂಡೇಲಿಯಲ್ಲಿ ಇಳಿಯುವ ಮುಂಚೆ ನನ್ನ ತಲೆ ಮುಟ್ಟಿ ಹರಸಿದಳು.

ಗೋವಾದಲ್ಲಿ ಕೋಶಗಳು ಹಸಿರಾಗಿ ಹೊಳೆದವು. ನನ್ನ ಪುಣ್ಯ. ನಂಬಿಕೆ ಸಾಲದು ಎಂದು ಜಾರಿಕೊಳ್ಳುವ ಅನುಕೂಲ ನಮ್ಮ ಕಸುಬಿನಲ್ಲಿಲ್ಲ.