ಅಪ್ಪ ತಂದ ಕಂಬಳಿ

ಬೇರೆ ರಾಜ್ಯದವರ ಬದುಕು ನಮಗೆ, ನಮ್ಮದು ಅವರಿಗೆ ತಿಳಿಯಲಿ ಎಂದು ಸರ್ಕಾರ ಶಿಕ್ಷಕರನ್ನು ಅಲ್ಲಿಂದಿಲ್ಲಿಗೆ ಕಳಿಸುವ ಕಾರ್ಯಕ್ರಮವೊಂದಿತ್ತು. ಅದರಲ್ಲಿ ಹಿರಿಯೂರಿನಲ್ಲಿ ನಾನು ಪಾಠ ಮಾಡುವ ಶಾಲೆಗೆ ಹಿಮಾಚಲದಿಂದ ಒಬ್ಬ ಮೇಡಂ ಹದಿನೈದು ದಿನಕ್ಕೆ ಬಂದರು. ನನಗೆ ಹಿಂದಿ ಬರುತ್ತದೆ ಎಂದು ನಾನೇ ಮುಂದೆ ಬಿದ್ದು ಅವರ ಜವಾಬ್ದಾರಿ ವಹಿಸಿಕೊಂಡೆ. ಒಂದು ದಿನ ಅವರಿಗೆ ನಮ್ಮ ಮನೆಯಲ್ಲಿ ಊಟ ಹಾಕಬೇಕೆಂಬುದೂ ಅದರಲ್ಲಿ ಸೇರಿತ್ತು.

ಇದನ್ನು ಅಪ್ಪನ ಮುಂದೆ ಬಾಯಿಬಿಟ್ಟಿದ್ದೇ ತಪ್ಪಾಯಿತು. ಯಲ್ಲದಕೆರೆಯಲ್ಲಿ ಕುರಿ ಕಾಯುವ ಅಪ್ಪ ದಿನಕ್ಕೆರಡು ಸಲ ಫೋನ್ ಮಾಡತೊಡಗಿದ.

"ಯಾವತ್ತು ಕರ್ಕಂಡು ಬರ್ತೀಯವ್ವ? ಹೊಸ ಕಂಬಳಿ ಐತೆ, ತೆಗೆದಿಟ್ಟೀನಿ."

ಬಂದವರನ್ನು ಕಂಬಳಿ ಹಾಸಿ ಕೂರಿಸುವುದು ನಮ್ಮವರಲ್ಲಿ ದೊಡ್ಡ ಮರ್ಯಾದೆ. ನನ್ನ ಕಣ್ಣಿಗೆ ಮಾತ್ರ ಅಂಗಳದ ಹಿಕ್ಕೆ, ಅಪ್ಪನ ಮಾಸಿದ ಪಂಚೆ, ಒಳಗೆ ಕಾಲಿಟ್ಟರೆ ಮೂಗಿಗೆ ಬಡಿಯುವ ಕುರಿಯ ವಾಸನೆ ಇವೇ ಕಾಣುತ್ತಿದ್ದವು. ಮಕ್ಕಳಿಗೆ ವಿವಿಧತೆಯಲ್ಲಿ ಏಕತೆ ಎಂದು ವರ್ಷವರ್ಷವೂ ಪ್ರಬಂಧ ಬರೆಸುವವಳು ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಪೇಟೆಯ ನನ್ನ ಬಾಡಿಗೆ ಮನೆಯಲ್ಲೇ ಊಟ ಮುಗಿಸಿದೆ. ಹೋಟೆಲಿನಿಂದ ಪಲಾವು, ಜಾಮೂನು ತರಿಸಿದ್ದೆ. ನಿಮ್ಮ ಹಳ್ಳಿ ನೋಡಬೇಕಿತ್ತು ಎಂದು ಮೇಡಂ ಎರಡು ಸಲ ಕೇಳಿದರು. ಅಲ್ಲಿ ಈಗ ಯಾರೂ ಇಲ್ಲ ಎಂದೆ. ಅಪ್ಪನಿಗೆ, "ಅವರಿಗೆ ಪುರುಸೊತ್ತಿಲ್ಲಪ್ಪ, ಸೋಮವಾರ ಬೆಳಿಗ್ಗೆ ಬಸ್ಸು" ಎಂದೆ.

ಸೋಮವಾರ ಬಸ್ ನಿಲ್ದಾಣಕ್ಕೆ ಅಪ್ಪನೇ ಬಂದ. ಪಂಚೆ ಒಗೆದದ್ದಾಗಿತ್ತು, ಹೆಗಲ ಮೇಲೆ ಕಂಬಳಿ. ಸಹೋದ್ಯೋಗಿಗಳೆಲ್ಲ ಅಲ್ಲೇ ನಿಂತಿದ್ದರು. ಅಪ್ಪ ಯಾರನ್ನೂ ನೋಡದೆ ಸಿಮೆಂಟು ಬೆಂಚಿನ ಮೇಲೆ ಕಂಬಳಿ ಹಾಸಿ, ಮೂಲೆ ಎಳೆದು ಸರಿಮಾಡಿ, "ಕುಂತ್ಕಳ್ರಿ" ಎಂದ.

ಮೇಡಂ ಖುಷಿಯಿಂದ ಕೂತರು. ಇವರು ಯಾರು ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದರು.

"ನಮ್ಮೂರಿನವರು. ಪರಿಚಯ ಅಷ್ಟೇ," ನಾನೂ ಹಿಂದಿಯಲ್ಲೇ ಹೇಳಿದೆ. ಅಪ್ಪನಿಗೇನು ಅರ್ಥವಾಗುತ್ತದೆ ಎಂಬ ಧೈರ್ಯ.

ಸಂತೆಯಲ್ಲಿ ಕುರಿ ಕೊಳ್ಳಲು ಬರುವ ಸಾಬರ ಜೊತೆ ಅವನು ಜೀವಮಾನವೆಲ್ಲ ಉರ್ದುವಿನಲ್ಲೇ ವ್ಯಾಪಾರ ಮಾಡಿದವನು. ಅವನ ಮಗಳಾಗಿ ನನಗೆ ಅದು ನೆನಪಿಗೇ ಬರಲಿಲ್ಲ. ಅಪ್ಪ ಕಂಬಳಿಯ ಮೂಲೆಯನ್ನು ಇನ್ನೊಮ್ಮೆ ಸರಿಮಾಡಿದ. ಆಮೇಲೆ ಮೇಡಂ ಕಡೆ ತಿರುಗಿ, ನನ್ನದಕ್ಕಿಂತ ಸಲೀಸಾದ ಮಾತಿನಲ್ಲಿ, ಹೌದು, ಇವರು ನಮ್ಮೂರಿನ ಟೀಚರು, ಬಹಳ ಒಳ್ಳೆಯವರು, ಈ ಕಂಬಳಿ ನಿಮಗೆ, ನಿಮ್ಮಲ್ಲಿ ಚಳಿ ಜಾಸ್ತಿಯಂತಲ್ಲ ಎಂದ.

ಇವರು ನನ್ನ ಅಪ್ಪ ಎನ್ನಲು ಆಗಲೂ ಸಮಯವಿತ್ತು, ಬಸ್ಸಿನ್ನೂ ಬಂದಿರಲಿಲ್ಲ. ನಾನು ಹೇಳಲಿಲ್ಲ.

ಹುಟ್ಟಿದಾಗಿನಿಂದ ನನ್ನನ್ನು ಅವ್ವಾ ಎಂದೇ ಕರೆದ ಅಪ್ಪ, ಎಲ್ಲರೆದುರು ನನಗೆ ಕೈಮುಗಿದ.

"ಬರ್ತೀನ್ರಿ ಮೇಡಂ."