ಟೊಪ್ಪಿಗೆಗೆ ಸಾಲದ ಕಲ್ಲು

ಬನೋನಾಳಿಗೆ ಐವತ್ತು ತುಂಬಿದ ವರ್ಷ ಅವಳ ಗಂಡ ಅತೆಕ್ತ ಇಬ್ಬರಿಗೂ ಸೇರಿಸಿ ಒಂದು ಗೋರಿಗಲ್ಲು ಗೊತ್ತುಮಾಡಿದ. ಇಬ್ಬರೂ ಗುಂಡುಕಲ್ಲಿನಂತಿದ್ದರು. ಆದರೆ ರೋಮಿನ ಆಳ್ವಿಕೆಯ ವಿರೂನಂ ಸೀಮೆಯಲ್ಲಿ ಬದುಕಿರುವಾಗಲೇ ಗೋರಿಗಲ್ಲು ಕೆತ್ತಿಸಿಟ್ಟುಕೊಳ್ಳುವುದು ಚಳಿಗಾಲಕ್ಕೆ ಸೌದೆ ಒಟ್ಟಿದಷ್ಟೇ ಸಹಜ.

ಬನೋನಾ ಬೆಟ್ಟದ ಮೇಲೆ ಅದಿರು ಕರಗಿಸುವವನ ಮಗಳು. ಅತೆಕ್ತ ಅಲ್ಲಿಯ ಕಬ್ಬಿಣವನ್ನು ಹೇಸರಗತ್ತೆಗಳ ಮೇಲೆ ಹೇರಿ ಅಕ್ವಿಲೇಯಾ ಪೇಟೆಗೆ ಇಳಿಸುತ್ತಿದ್ದ. ಬರುವಾಗ ದ್ರಾಕ್ಷಾರಸ, ಎಣ್ಣೆ ತರುತ್ತಿದ್ದ. ಒಂದು ವರ್ಷ ಹಿಮದಲ್ಲಿ ಸಿಕ್ಕಿಕೊಂಡು ಬನೋನಾಳ ಮನೆಯಲ್ಲೇ ಉಳಿದ. ಹಿಮ ಕರಗಿ ದಾರಿ ತೆರೆದರೂ ಹೊರಡಲಿಲ್ಲ. ಮದುವೆಯ ದಿನ ಬನೋನಾಳ ಅಮ್ಮ ಮಗಳ ತಲೆಗೆ ಉಣ್ಣೆಯ ಎತ್ತರದ ಟೊಪ್ಪಿಗೆ ಇಟ್ಟು, ಎರಡೂ ಹೆಗಲ ಮೇಲೆ ಉಡುಪಿಗೆ ಗೇಣುದ್ದದ ಕಂಚಿನ ಪಿನ್ನು ಚುಚ್ಚಿದಳು. ಅಂದಿನಿಂದ ಅವಳು ಟೊಪ್ಪಿಗೆಯಿಲ್ಲದೆ ಹೊಸಿಲು ದಾಟಿದವಳಲ್ಲ. ಆಮೇಲೆ ಮಗ್ಗ ಹೂಡಿದಳು. ಅವಳು ನೇಯ್ದ ದಪ್ಪ ಉಣ್ಣೆಬಟ್ಟೆ ಗಡಿಯ ಸಿಪಾಯಿಗಳ ಹೆಗಲೇರಿತು, ಮನೆ ಬೆಳೆಯಿತು. ಅತೆಕ್ತನಿಗೆ ರೋಮಿನ ಪೌರತ್ವ ಸಿಕ್ಕಿ, ಅಲ್ಲಿಯವರ ಹಾಗೆ ಹೆಸರೂ ಮೂರು ತುಂಡಿನಷ್ಟು ಉದ್ದವಾಯಿತು.

ಕಲ್ಲನ್ನು ನೋಡಿದಾಗ ಬನೋನಾಳ ಮುಖ ಇಳಿಯಿತು. ಕಲ್ಲುಕುಟಿಗ ಸೆಕುಂದ ಮೈಭಾಗವನ್ನು ಕಾಲಿನಿಂದ ಸೊಂಟದವರೆಗೆ ಮೊದಲೇ ಕೆತ್ತಿಟ್ಟು, ಗಿರಾಕಿ ಬಂದ ಮೇಲೆ ಉಳಿದದ್ದನ್ನು ಮುಗಿಸುತ್ತಿದ್ದ. ಗಂಡಿನ ಮೈಗೆ ಆಗಲೇ ಟೋಗಾ ಅನ್ನುವ ರೋಮಿನವರ ಉದ್ದ ಸುತ್ತುಬಟ್ಟೆ ಮೂಡಿತ್ತು; ಇಬ್ಬರ ತಲೆ, ಹೆಗಲು ಇನ್ನೂ ಒರಟು ಗಡ್ಡೆಗಳಾಗಿದ್ದವು.

"ನನ್ನ ಟೊಪ್ಪಿಗೆ ಎಲ್ಲಪ್ಪಾ?"

"ಅದಕ್ಕೆ ಜಾಗ ಇಲ್ಲಮ್ಮ. ತಲೆ ಮೇಲೆ ಎರಡು ಬೆರಳಷ್ಟೇ ಕಲ್ಲು, ಆಮೇಲೆ ಚೌಕಟ್ಟು. ರೋಮಿನ ಹೆಂಗಸರ ಹಾಗೆ ಕೂದಲು ಸುರುಳಿ ಸುರುಳಿಯಾಗಿ ತೆಗೀತೀನಿ ಬಿಡಿ."

"ಈಗ ನಾವೂ ರೋಮಿನವರೇ ಅಲ್ವೇನೆ?" ಅಂದ ಅತೆಕ್ತ.

"ನೀವಾಗಿ, ಬೇಡ ಅಂದೋರ್ಯಾರು? ಟೋಗಾ ಉಡಿಸೋಕೆ ಮಾತ್ರ ನಾನು ಬೇಕು. ಕಚೇರಿ ಮೆಟ್ಟಿಲ ಮೇಲೆ ಅದೇ ಟೋಗಾ ಕಾಲಿಗೆ ಸುತ್ಕೊಂಡು ಉರುಳಿದ್ದು ಯಾರು ರೀ?"

ಸೆಕುಂದ ನಗು ತಡೆಯಲು ಕೆಮ್ಮಿದ.

"ನಗಬೇಡಪ್ಪ. ಸತ್ತಮೇಲೆ ನಮ್ಮಮ್ಮ ನನ್ನ ಹುಡುಕ್ಕೊಂಡು ಬರ್ತಾಳೆ. ಈ ಬರಿತಲೆಯವಳನ್ನ ನೋಡಿ, ಯಾರೋ ಪೇಟೆಯೋಳು ಅಂತ ಮುಂದೆ ಹೋಗ್ಬಿಡ್ತಾಳೆ." ಅವಳ ದನಿ ಸಣ್ಣಗಾಗಿತ್ತು.

ಅತೆಕ್ತ ಸೆಕುಂದನತ್ತ ತಿರುಗಿದ. "ಏನಾದ್ರೂ ಮಾಡು ಮಾರಾಯ," ಅಂದ.

"ಕಲ್ಲು ತೆಗೀಬಹುದು ಯಜಮಾನ್ರೇ, ಅಂಟಿಸೋಕಾಗಲ್ಲ." ಸೆಕುಂದ ಗೇಣು ಹಾಕಿ ಅಳೆದ, ಮತ್ತೆ ಅಳೆದ. "ಒಂದು ದಾರಿ ಇದೆ. ತಲೆಗೆ ಅಂತ ಬಿಟ್ಟಿದ್ದರಲ್ಲಿ ಟೊಪ್ಪಿಗೆ ತೆಗೀತೀನಿ. ಮುಖ, ಹೆಗಲು, ಪಿನ್ನು ಎಲ್ಲಾ ಒಂದು ಗೇಣು ಕೆಳಗೆ. ಆದ್ರೆ ಅಮ್ಮ ನಿಮ್ಮ ಎದೆಮಟ್ಟಕ್ಕೆ ಇಳೀತಾರೆ. ಕುಳ್ಳಿ ಮಾಡಿದ ಅಂತ ಆಮೇಲೆ ನನ್ನ ಬೈಬಾರದು."

ಬನೋನಾ ಎದ್ದು ಗಂಡನ ಪಕ್ಕ ನೆಟ್ಟಗೆ ನಿಂತಳು. "ಈಗ ಎಲ್ಲಿಗೆ ಬರ್ತೀನಿ, ನೋಡು."

ಅವಳ ಹುಬ್ಬು ಸರಿಯಾಗಿ ಅವನ ಎದೆಯ ನೇರಕ್ಕಿತ್ತು. ಸೆಕುಂದ ಉಳಿ ಎತ್ತಿಕೊಂಡ.

ಕಲ್ಲು ಎತ್ತಿನ ಗಾಡಿಯಲ್ಲಿ ಬಂದ ದಿನ ಬೆಟ್ಟದಿಂದ ಬನೋನಾಳ ಅಕ್ಕ ಬ್ರಿಕಿಯಾ ಗಿಣ್ಣಿನ ಗಟ್ಟಿ ಹೊತ್ತು ಇಳಿದು ಬಂದಳು. ಗಾಡಿಯ ಹತ್ತಿರ ಹೋದವಳೇ ಕೂಗಿದಳು: "ಅಯ್ಯೋ, ನಮ್ ಬನೋನಾ! ಅದೇ ಟೊಪ್ಪಿಗೆ, ಅದೇ ಮೊಂಡು ಮೂಗು!"

ಬನೋನಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಎಲ್ಲಾ ಸರಿ ಕಣೆ," ಬ್ರಿಕಿಯಾ ಬಗ್ಗಿ ನೋಡಿದಳು, "ಪಕ್ಕದಲ್ಲಿ ಬಟ್ಟೆ ಸುತ್ಕೊಂಡು ನಿಂತಿದಾನಲ್ಲ, ಈ ರೋಮಿನ ಸಾಹುಕಾರ ಯಾರು?"